ಹುಮ್ಮಸ್ಸು ಬರಲಿ ಎಂದು ಕಾಯಬೇಡಿ

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಮನೆ ತಿಪಟೂರಿನಲ್ಲಿ; ಅಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಹಳ್ಳಿಯ ಅನುದಾನಿತ ಪ್ರೌಢಶಾಲೆಯಲ್ಲಿ ಗುಮಾಸ್ತೆಯಾಗಿದ್ದೇನೆ. ನಮ್ಮ ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಗಳು ಎಂಟನೇ ತರಗತಿ, ಮಗ ನಾಲ್ಕನೇ ತರಗತಿ. ಅತ್ತೆಯವರಿಗೆ ಮೊಣಕಾಲು ನೋವು, ಹೆಚ್ಚು ಓಡಾಡಲಾರರು. ಬೆಳಿಗ್ಗೆ ಐದಕ್ಕೆ ಎದ್ದರೆ ತಿಂಡಿ, ಡಬ್ಬಿ, ಪೂಜೆ ಎಲ್ಲ ಮುಗಿಸಿ ಎಂಟೂಕಾಲರ ಬಸ್ಸು ಹಿಡಿಯುತ್ತೇನೆ. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು. ಸಂಬಳದ ಬಿಲ್ಲು ಒಂದು ತಿಂಗಳೂ ನನ್ನಿಂದ ತಡವಾಗಿಲ್ಲ.

ತೊಂದರೆ ಇರುವುದು ನನಗಾಗಿ ಶುರುಮಾಡಿದ ಕೆಲಸಗಳಲ್ಲಿ. ಹೋದ ವರ್ಷ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ.ಗೆ ಸೇರಿದೆ. ಬೆಳಗಿನ ವಾಕಿಂಗ್ ಶುರುಮಾಡಿದೆ. ಹೊಲಿಗೆ ಮೆಷಿನ್ ತಂದೆ. ಮೊಬೈಲಿನಲ್ಲಿ ಇಂಗ್ಲಿಷ್ ಮಾತಾಡುವ ಕೋರ್ಸಿಗೂ ದುಡ್ಡು ಕಟ್ಟಿದೆ. ಯಾವುದೂ ಒಂದು ವಾರ ದಾಟಿಲ್ಲ. ಎರಡು ಪತ್ರಿಕೆಗಳ ಅಸೈನ್‌ಮೆಂಟ್ ಹಾಗೇ ಉಳಿದಿವೆ. ಪಂಪಭಾರತದಲ್ಲಿ ಕರ್ಣ ಬರುವ ಭಾಗ ಓದುತ್ತ ಒಲೆಯ ಮೇಲಿದ್ದ ಹಾಲು ಉಕ್ಕಿದ್ದೂ ಗೊತ್ತಾಗಿರಲಿಲ್ಲ. ಆದರೆ ಮಾರನೇ ದಿನ ಪುಸ್ತಕ ಮುಟ್ಟಲೂ ಮನಸ್ಸು ಬರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸ್ಫೂರ್ತಿ ತುಂಬುವ ಭಾಷಣಗಳ ವಿಡಿಯೋ ನೋಡುತ್ತೇನೆ. ಹನ್ನೆರಡು ಗಂಟೆಯವರೆಗೂ ನೋಡಿ, ನಾಳೆಯಿಂದ ಬದಲಾಗಿಬಿಡುತ್ತೇನೆ ಅಂದುಕೊಳ್ಳುತ್ತೇನೆ. ಬೆಳಿಗ್ಗೆ ಎದ್ದರೆ ಮತ್ತದೇ ಜಡ. ‘ನಿನ್ನದು ಆರಂಭಶೂರತ್ವ’ ಎಂದು ಯಜಮಾನರು ನಗುತ್ತಾರೆ. ಅತ್ತೆ ಮಾತ್ರ ಏನೂ ಅನ್ನುವುದಿಲ್ಲ. ಮೂಡಲಪಾಯ ಯಕ್ಷಗಾನ ನೋಡಿ ಬೆಳೆದವರು, ಪುಸ್ತಕ ಹಿಡಿದರೆ ಏನು ಕಥೆ ಎಂದು ಕೇಳುತ್ತಾರೆ. ನಾನು ನಿಜಕ್ಕೂ ಸೋಮಾರಿಯೇ? ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ?

– ಹೆಸರು ಬೇಡ, ತಿಪಟೂರು

ಉತ್ತರ: ಪ್ರಿಯ ಸೋದರಿ, ಹನ್ನೊಂದು ವರ್ಷ ಸಂಬಳದ ಬಿಲ್ಲನ್ನು ಒಂದು ತಿಂಗಳೂ ತಡಮಾಡದವರು, ದಿನಾ ಎಂಟೂಕಾಲರೊಳಗೆ ಇಡೀ ಮನೆಯನ್ನು ಹೊರಡಿಸುವವರು ಸೋಮಾರಿ ಅಲ್ಲ. ಇದನ್ನು ನಿಮ್ಮ ಸಮಾಧಾನಕ್ಕೆಂದು ಹೇಳುತ್ತಿಲ್ಲ. ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರದ ಬಹುಪಾಲು ಈ ಎರಡು ಸಂಗತಿಗಳಲ್ಲೇ ಇದೆ.

ಯೋಚಿಸಿ ನೋಡಿ. ಸಂಬಳದ ಬಿಲ್ಲು ಮಾಡಲು ಪ್ರತಿ ತಿಂಗಳೂ ಹುಮ್ಮಸ್ಸು ಇರುತ್ತದೆಯೇ? ಬೆಳಿಗ್ಗೆ ಐದಕ್ಕೆ ಏಳಲು ಸ್ಫೂರ್ತಿ ಬೇಕೆನಿಸುತ್ತದೆಯೇ? ಇಲ್ಲ. ಆದರೂ ಅವು ನಡೆಯುತ್ತವೆ. ಏಕೆಂದರೆ ಬಿಲ್ಲಿಗೆ ಒಂದು ತಾರೀಖಿದೆ, ಮಾಡಲು ಒಂದು ಮೇಜಿದೆ, ಅದಕ್ಕಾಗಿ ಕಾಯುವ ಮೇಷ್ಟರುಗಳಿದ್ದಾರೆ. ತಿಂಡಿಗೂ ಹಾಗೆಯೇ ಹೊತ್ತಿದೆ, ಅಡುಗೆಮನೆಯಿದೆ, ಹಸಿದ ಮಕ್ಕಳಿದ್ದಾರೆ. ನಿಮಗಾಗಿ ಶುರುಮಾಡಿದ ನಾಲ್ಕು ಕೆಲಸಗಳಿಗೆ ಇವು ಮೂರೂ ಇಲ್ಲ. ಎಂ.ಎ. ಓದನ್ನು ‘ಬಿಡುವಾದಾಗ’ ಎಂದಿಟ್ಟುಕೊಂಡಿದ್ದೀರಿ; ನಿಮ್ಮ ಮನೆಯಲ್ಲಿ ಬಿಡುವು ತಾನಾಗಿ ಆಗುವುದಿಲ್ಲ. ಜಾಗ ಇಂಥದ್ದೇ ಎಂದಿಲ್ಲ. ಮಾಡದೇ ಹೋದರೆ ಕೇಳುವವರಿಲ್ಲ. ಹೊತ್ತು, ಜಾಗ, ಕಾಯುವ ಜನ ಇದ್ದ ಕಡೆ ಮನುಷ್ಯ ಬೇಸರದ ದಿನವೂ ಕೆಲಸ ಮಾಡುತ್ತಾನೆ. ಇವಿಲ್ಲದ ಕಡೆ ಎಂಥ ಗಟ್ಟಿಗನ ಸಂಕಲ್ಪವೂ ಒಂದು ವಾರದಲ್ಲಿ ಸೋರಿಹೋಗುತ್ತದೆ. ನೀವು ಮಾಡಬೇಕಾದ್ದು ಮನಸ್ಸನ್ನು ಬೈಯುವುದಲ್ಲ, ನಿಮ್ಮ ಕೆಲಸಕ್ಕೂ ಈ ಮೂರನ್ನು ಒದಗಿಸುವುದು.

ಅದಕ್ಕೆ ಮೊದಲು ಶರೀರದ ವಿಚಾರ. ರಾತ್ರಿ ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳುತ್ತೀರಿ. ವಯಸ್ಕರಿಗೆ ಕಡಿಮೆಯೆಂದರೂ ಏಳು ಗಂಟೆ ನಿದ್ದೆ ಬೇಕು. ನಿಮಗೆ ಸಿಗುತ್ತಿರುವುದು ಐದು. ಬೆಳಗಿನ ಜಡಕ್ಕೆ ಅದೊಂದೇ ಸಾಕು. ಜೊತೆಗೆ ಈ ವಾರವೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ವೈದ್ಯರು ಹೇಳಿದರೆ ಬಿ12 ಕೂಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಿದ್ದರೆ ಸುಸ್ತು, ಏಕಾಗ್ರತೆಯಿಲ್ಲದಿರುವುದು, ಯಾವುದರಲ್ಲೂ ಆಸಕ್ತಿ ಹುಟ್ಟದಿರುವುದು ಸಹಜ. ಥೈರಾಯ್ಡ್ ಕೊರತೆಯೂ ಹೀಗೆಯೇ ಕಾಡುತ್ತದೆ. ಕಬ್ಬಿಣಾಂಶದ ಮಾತ್ರೆಯಿಂದ ಗುಣವಾಗುವ ಆಯಾಸಕ್ಕೆ ವರ್ಷಗಟ್ಟಲೆ ‘ನನ್ನ ಸ್ವಭಾವವೇ ಹೀಗೆ’ ಎಂದು ಕೊರಗುವ ಹೆಂಗಸರು ನಮ್ಮಲ್ಲಿ ತುಂಬಾ ಇದ್ದಾರೆ.

ಇನ್ನೊಂದು ಪ್ರಶ್ನೆಯನ್ನೂ ನಿಮ್ಮನ್ನು ನೀವೇ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಹೊತ್ತು ಮನಸ್ಸು ಕುಗ್ಗಿರುತ್ತದೆಯೇ? ಮೊದಲು ಖುಷಿ ಕೊಡುತ್ತಿದ್ದುದು ಈಗ ಸಪ್ಪೆ ಎನಿಸುತ್ತದೆಯೇ? ಊಟ, ನಿದ್ದೆ ಏರುಪೇರಾಗಿದೆಯೇ? ನಾನು ಯಾವುದಕ್ಕೂ ಬಾರದವಳು, ಬದುಕಿರುವುದೇ ಬೇಡ ಎಂಬ ಯೋಚನೆ ಬರುತ್ತದೆಯೇ? ಹೌದಾದರೆ ಅದು ಖಿನ್ನತೆಯಿರಬಹುದು. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಅಂಕಣದ ಸಲಹೆ ಅದಕ್ಕೆ ಸಾಲದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಗೊತ್ತಾದ ಮಂಗಳವಾರಗಳಂದು ತಪಾಸಣೆ ನಡೆಯುತ್ತದೆ. ನಿಮ್ಮಲ್ಲಿ ಯಾವ ದಿನವೆಂದು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ. ಕರ್ಣನ ಕಥೆ ಓದುತ್ತ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ ಎಂದು ಬರೆದಿದ್ದೀರಿ. ಹಾಗೆ ಮೈಮರೆಯುವ ಶಕ್ತಿ ಉಳಿದಿರುವುದು ಒಳ್ಳೆಯ ಲಕ್ಷಣ. ಆದರೂ ಪರೀಕ್ಷಿಸಿಕೊಳ್ಳುವುದನ್ನು ತಪ್ಪಿಸಬೇಡಿ.

ಈಗ ರಾತ್ರಿಯ ವಿಡಿಯೋಗಳ ಮಾತು. ಅವನ್ನು ನೋಡುವಾಗ ಎದೆ ತುಂಬಿಬರುತ್ತದೆ, ಎಲ್ಲವೂ ಸಾಧ್ಯವೆನಿಸುತ್ತದೆ. ಆದರೆ ಆ ಹೊತ್ತಿನಲ್ಲಿ ಮಾಡಲು ಕೆಲಸ ಎದುರಿಗಿಲ್ಲ. ಕೆಲಸ ಎದುರಿಗಿರುವಾಗ ಆ ಹುರುಪು ಇರುವುದಿಲ್ಲ. ಅಷ್ಟೇ ಅಲ್ಲ, ಬದಲಾಗುತ್ತೇನೆಂಬ ನಿರ್ಧಾರವೇ ಒಂದು ತೃಪ್ತಿ ಕೊಡುತ್ತದೆ. ಏನೋ ಸಾಧಿಸಿದೆವೆಂಬ ಸಮಾಧಾನದಲ್ಲಿ ನಿದ್ದೆ ಹೋಗುತ್ತೇವೆ. ಆಗಿರುವ ಲಾಭ ಮಾತ್ರ ಏನೂ ಇಲ್ಲ, ಹೋದದ್ದು ಎರಡು ಗಂಟೆ ನಿದ್ದೆ. ಇವತ್ತಿನಿಂದ ಹತ್ತು ಗಂಟೆಯಾದ ಮೇಲೆ ಮೊಬೈಲನ್ನು ನಡುಮನೆಯಲ್ಲಿ ಚಾರ್ಜಿಗೆ ಹಾಕಿ ನೀವು ಮಲಗುವ ಕೋಣೆಗೆ ಹೋಗಿ.

ಹುಮ್ಮಸ್ಸು ಬಂದರೆ ಕೆಲಸ ಮಾಡುತ್ತೇನೆ ಎಂದು ನಾವೆಲ್ಲ ನಂಬಿರುತ್ತೇವೆ. ಮನಃಶಾಸ್ತ್ರ ಕಂಡುಕೊಂಡದ್ದು ಇದರ ತಿರುವುಮುರುವು. ಅಮೆರಿಕದ ಮನಃಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ಖಿನ್ನತೆಯಿರುವವರ ಜೊತೆ ಕೆಲಸ ಮಾಡುತ್ತ ಒಂದು ಸಂಗತಿಯನ್ನು ಎತ್ತಿಹಿಡಿದರು: ಮನಸ್ಸು ಸರಿಹೋಗಲಿ ಎಂದು ಸುಮ್ಮನೆ ಕೂತಷ್ಟೂ ಅದು ಇನ್ನಷ್ಟು ಕುಸಿಯುತ್ತದೆ; ಇಷ್ಟದ ಸಣ್ಣಪುಟ್ಟ ಕೆಲಸವನ್ನು ಮನಸ್ಸಿಲ್ಲದಿದ್ದರೂ ಹೊತ್ತು ಗೊತ್ತುಮಾಡಿಕೊಂಡು ಶುರುಮಾಡಿದರೆ ಹಿಂದಿನಿಂದ ಮನಸ್ಸು ಬರುತ್ತದೆ. ಈ ತಿಳಿವಿನ ಮೇಲೆ ಬೆಳೆದ ಚಿಕಿತ್ಸಾ ಕ್ರಮ ಇವತ್ತಿಗೂ ಬಳಕೆಯಲ್ಲಿದೆ. ನಿತ್ಯದ ಬದುಕಿಗೂ ಅದು ಹೊಂದುತ್ತದೆ. ಮೊದಲ ಐದು ನಿಮಿಷ ಬೇಸರವಿದ್ದೇ ಇರುತ್ತದೆ. ಆರನೆಯ ನಿಮಿಷದಲ್ಲಿ ಕೈ ತಾನಾಗಿ ನಡೆಯುತ್ತದೆ.

ಹಾಗಾದರೆ ಯಾವ ಕೆಲಸ? ನಾಲ್ಕನ್ನೂ ಒಟ್ಟಿಗೆ ಹಿಡಿಯಬೇಡಿ. ಮನುಷ್ಯರ ಒಳಗಿನ ಪ್ರೇರಣೆಯ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹೇಳುವ ಪ್ರಕಾರ ಅದು ಬಾಳುವುದು ಮೂರು ಸಂಗತಿಗಳಿದ್ದಾಗ: ಇದು ನಾನೇ ಆರಿಸಿಕೊಂಡದ್ದು ಎಂಬ ಭಾವ, ದಿನದಿನಕ್ಕೆ ಕೈ ಪಳಗುತ್ತಿದೆ ಎಂಬ ಅನುಭವ, ಇದರಿಂದ ನನ್ನವರ ಜೊತೆ ನಂಟು ಬೆಳೆಯುತ್ತಿದೆ ಎಂಬ ಸಂತೋಷ. ನಿಮ್ಮ ಪತ್ರವನ್ನು ಈ ಕಣ್ಣಿನಿಂದ ಓದಿದೆ. ಹೊಲಿಗೆ, ಇಂಗ್ಲಿಷ್ ಕೋರ್ಸುಗಳ ಬಗ್ಗೆ ಒಂದೊಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಪಂಪನ ಮಾತು ಬಂದ ಕಡೆ ಮಾತ್ರ ನಿಮ್ಮ ಬರವಣಿಗೆಗೆ ಜೀವ ಬಂದಿದೆ. ‘ಮಾಡಿದೆನೆಂದು ಯಾರಿಗೂ ಗೊತ್ತಾಗದಿದ್ದರೂ ಇದನ್ನು ಮಾಡುತ್ತೇನೆಯೇ?’ ಎಂದು ನಾಲ್ಕರ ಬಗ್ಗೆಯೂ ಕೇಳಿಕೊಳ್ಳಿ. ಹೌದು ಎಂಬ ಉತ್ತರ ಬರುವುದು ಓದಿಗೆ ಮಾತ್ರ ಎಂದು ನನಗನಿಸುತ್ತದೆ. ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿ, ಇಂಗ್ಲಿಷ್ ಕೋರ್ಸನ್ನು ಈ ವರ್ಷಕ್ಕೆ ಬಿಡಿ. ಬಿಟ್ಟೆ ಎಂಬ ಅಳುಕು ಬೇಡ. ಒಂದನ್ನು ಉಳಿಸಿಕೊಳ್ಳಲು ಮೂರನ್ನು ಕೈಬಿಡುವುದು ಸೋಲಲ್ಲ, ವಿವೇಕ.

ಇನ್ನು ಆ ಒಂದಕ್ಕೆ ಹೊತ್ತು ಮತ್ತು ಜಾಗ. ಬೆಳಗಿನ ಹೊತ್ತು ಮನೆಯದು, ರಾತ್ರಿ ನಿದ್ದೆಯದು. ಉಳಿಯುವುದು ಶಾಲೆ ಬಿಟ್ಟ ಮೇಲೆ ಬಸ್ಸು ಬರುವವರೆಗಿನ ಸಮಯ. ಹಳ್ಳಿಯ ಬಸ್ಸಿಗಾಗಿ ದಿನಾ ಸ್ವಲ್ಪ ಹೊತ್ತಾದರೂ ಕಾಯಲೇಬೇಕಲ್ಲವೇ? ಆ ಹೊತ್ತನ್ನು ನಿಮ್ಮದಾಗಿಸಿಕೊಳ್ಳಿ. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದ ಸಾರ ಇಷ್ಟು: ‘ಓದುತ್ತೇನೆ’ ಎಂಬ ಗುರಿಗಿಂತ ‘ಇದು ಆದ ಕೂಡಲೇ, ಇಲ್ಲಿ, ಇದನ್ನು ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರ ಕೆಲಸ ಹೆಚ್ಚು ಕೈಗೂಡುತ್ತದೆ. ಹಾಗಾಗಿ ಒಂದು ಹಾಳೆಯಲ್ಲಿ ಬರೆದಿಡಿ: ‘ಕಚೇರಿಯ ಬೀರುವಿಗೆ ಬೀಗ ಹಾಕಿದ ಕೂಡಲೇ, ಅದೇ ಕುರ್ಚಿಯಲ್ಲಿ ಕೂತು, ಒಂದು ಪದ್ಯ ತೆಗೆಯುತ್ತೇನೆ.’ ಬೀಗ ಹಾಕುವುದು ಹೇಗೂ ದಿನಾ ಇದ್ದದ್ದೇ. ಅದೇ ನಿಮಗೆ ಕರೆಗಂಟೆಯಾಗಲಿ.

ಒಂದು ಪದ್ಯ ಎಂದೆ, ಒಂದು ಆಶ್ವಾಸ ಎನ್ನಲಿಲ್ಲ. ಕ್ರಿ.ಶ. 941ರ ಸುಮಾರಿಗೆ ಪಂಪ ಬರೆದ ವಿಕ್ರಮಾರ್ಜುನ ವಿಜಯದಲ್ಲಿ, ಅಂದರೆ ನಿಮ್ಮ ಪಂಪಭಾರತದಲ್ಲಿ, ಹದಿನಾಲ್ಕು ಆಶ್ವಾಸಗಳಿವೆ; ಒಟ್ಟಾಗಿ ನೋಡಿದರೆ ಯಾರಿಗಾದರೂ ಎದೆ ನಡುಗುತ್ತದೆ. ಒಂದು ಕಂದ ಪದ್ಯವೆಂದರೆ ನಾಲ್ಕೇ ಸಾಲು. ನೋಟ್‌ಬುಕ್ಕಿನ ಎಡಪುಟದಲ್ಲಿ ಅದನ್ನು ಕೈಯಾರೆ ಬರೆದುಕೊಳ್ಳಿ. ಸಂಧಿ ಕೂಡಿದಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಹಾಕಿ ಪದ ಬಿಡಿಸಿ. ಹಳಗನ್ನಡದಲ್ಲಿ ಅರ್ಧ ಕಷ್ಟ ಪದ ಎಲ್ಲಿ ಮುಗಿಯುತ್ತದೆಂದು ತಿಳಿಯದಿರುವುದೇ. ಬಿಡಿಸಿದ ಕೂಡಲೇ ಎಷ್ಟೋ ಪದಗಳು ನಾವು ಮನೆಯಲ್ಲಿ ಆಡುವ ಮಾತಿನ ಹಿರಿಯರೆಂದು ಗುರುತು ಸಿಗುತ್ತದೆ. ಆಮೇಲೆ ಯಾರು, ಏನು, ಯಾರಿಗೆ ಎಂದು ಕೇಳುತ್ತ ಅನ್ವಯ ಮಾಡಿ. ಸಿಕ್ಕಿಕೊಂಡರೆ ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ ಜೊತೆಗಿರಲಿ. ಕೊನೆಗೆ ಬಲಪುಟದಲ್ಲಿ ನಿಮ್ಮದೇ ಮಾತಿನಲ್ಲಿ ಎರಡು ಸಾಲಿನ ತಾತ್ಪರ್ಯ ಬರೆಯಿರಿ. ಹದಿನೈದು ನಿಮಿಷದ ಕೆಲಸ. ತಿಂಗಳಿಗೆ ಇಪ್ಪತ್ತು ಪದ್ಯವಾದರೂ ಮೂರು ತಿಂಗಳಿಗೆ ಅರುವತ್ತು. ಪರೀಕ್ಷೆಯ ಹಿಂದಿನ ವಾರ ಅಷ್ಟನ್ನು ಒಟ್ಟಿಗೆ ಅರಗಿಸಿಕೊಳ್ಳಲು ಯಾರಿಂದಲೂ ಆಗದು. ಉಳಿದ ಅಸೈನ್‌ಮೆಂಟುಗಳನ್ನೂ ಇದೇ ಕುರ್ಚಿಯಲ್ಲಿ, ದಿನಕ್ಕೆ ಅರ್ಧ ಪುಟದಂತೆ ಮುಗಿಸಿ. ಅವುಗಳಿಗೆ ತಾರೀಖಿರುವುದರಿಂದ ಮೊದಲ ಸರದಿ ಅವುಗಳದ್ದೇ.

ಕಾಯುವ ಜನವೂ ಬೇಕು ಎಂದೆನಲ್ಲ, ಅವರು ನಿಮ್ಮ ಮನೆಯಲ್ಲೇ ಇದ್ದಾರೆ. ರಾತ್ರಿಯಿಡೀ ಮೂಡಲಪಾಯದಲ್ಲಿ ಭಾರತದ ಕಾಳಗಗಳನ್ನು ನೋಡಿ ಬೆಳೆದ ಅತ್ತೆಯವರಿಗಿಂತ ಒಳ್ಳೆಯ ಕೇಳುಗರು ಎಲ್ಲಿ ಸಿಗುತ್ತಾರೆ? ರಾತ್ರಿ ಊಟವಾದ ಮೇಲೆ ಅವರ ಕಾಲಿಗೆ ಎಣ್ಣೆ ಹಚ್ಚುವಾಗಲೋ ಪಕ್ಕದಲ್ಲಿ ಕೂತಾಗಲೋ ಆ ದಿನದ ಪದ್ಯದ ಕಥೆ ಹೇಳಿ. ‘ಅತ್ತೆ, ಪಂಪ ಕರ್ಣನನ್ನ ಹೀಗೆ ಕಂಡಿದ್ದಾನೆ, ನೀವು ನೋಡಿದ ಆಟದಲ್ಲಿ ಹೇಗಿತ್ತು?’ ಎಂದು ಕೇಳಿ. ಇನ್ನೊಬ್ಬರಿಗೆ ಬಿಡಿಸಿ ಹೇಳಿದ್ದು ಮರೆಯುವುದಿಲ್ಲ. ನಾಲ್ಕು ದಿನ ಕಳೆದರೆ ‘ಇವತ್ತು ಮುಂದೇನಾಯ್ತಮ್ಮ?’ ಎಂದು ಅವರೇ ಕೇಳುತ್ತಾರೆ. ಆ ಕೇಳಿಕೆ ಯಾವ ಭಾಷಣಕ್ಕಿಂತಲೂ ಬಲವಾಗಿ ನಿಮ್ಮನ್ನು ಮಾರನೇ ದಿನ ಪುಸ್ತಕದ ಬಳಿಗೆ ಕರೆದೊಯ್ಯುತ್ತದೆ.

ದಿನ ತಪ್ಪುತ್ತದೆ, ಅದನ್ನು ಈಗಲೇ ಒಪ್ಪಿಕೊಂಡುಬಿಡಿ. ಮಗನಿಗೆ ಜ್ವರ ಬರುತ್ತದೆ, ಶಾಲೆಗೆ ತಪಾಸಣೆ ಬರುತ್ತದೆ, ಮುಟ್ಟಿನ ಹೊಟ್ಟೆನೋವು ಇರುತ್ತದೆ. ಅಂಥ ದಿನಕ್ಕೆಂದು ಒಂದು ಕನಿಷ್ಠ ಇಟ್ಟುಕೊಳ್ಳಿ: ಪದ್ಯವನ್ನು ಬರೆದುಕೊಂಡರೆ ಸಾಕು, ಅರ್ಥ ನಾಳೆ. ಅದೂ ಆಗಲಿಲ್ಲವೇ, ಬಿಡಿ. ಮರುದಿನ ಮಾತ್ರ ಬಿಡಬೇಡಿ. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರ ತನ್ನ ಪುಸ್ತಕದಲ್ಲಿ, ರೋಗಿಗಳು ಬದಲಾದ ಮುಖಕ್ಕೆ ಹೊಂದಿಕೊಳ್ಳಲು ಬೇಕಾದ ಸಮಯದ ಬಗ್ಗೆ ಬರೆದದ್ದು ಬಾಯಿಂದ ಬಾಯಿಗೆ ಹೀಗಾಗಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕೆಲಸ ಯೋಚಿಸದೆಯೇ ನಡೆಯುವಷ್ಟು ರೂಢಿಯಾಗಲು ಸುಮಾರು 66 ದಿನ ಬೇಕು. ಕೆಲವರಿಗೆ 18 ದಿನ ಸಾಕು, ಇನ್ನು ಕೆಲವರಿಗೆ 254 ದಿನವೂ ಬೇಕಾಗಬಹುದು ಎಂಬ ಅಂದಾಜು ಅದರಲ್ಲಿದೆ. ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ ಎಂಬುದು ಅದೇ ಅಧ್ಯಯನ ಕಂಡ ಇನ್ನೊಂದು ಸಂಗತಿ. ನೀವು ಪ್ರತಿಸಲ ಬಿಟ್ಟದ್ದು ಒಂದು ವಾರದೊಳಗೆ. ರೂಢಿಯಾಗುವ ಅವಕಾಶವನ್ನೇ ಯಾವ ಕೆಲಸಕ್ಕೂ ಕೊಟ್ಟಿಲ್ಲ.

ತಪ್ಪಿದ ದಿನ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ವೋಲ್, ತಿಮೊತಿ ಪಿಚಿಲ್ ಮತ್ತು ಸಂಗಡಿಗರು ವಿದ್ಯಾರ್ಥಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಮುಂದೂಡಿದ್ದು ಕಡಿಮೆ. ಹಳಿದುಕೊಂಡರೆ ಆ ಪುಸ್ತಕ ಕಂಡಾಗಲೆಲ್ಲ ನಾಚಿಕೆ ನೆನಪಾಗುತ್ತದೆ; ನಾಚಿಕೆ ತರುವ ವಸ್ತುವಿನಿಂದ ಮನುಷ್ಯ ದೂರ ಓಡುತ್ತಾನೆ. ನಿಮ್ಮ ಅಸೈನ್‌ಮೆಂಟುಗಳಿಗೆ ಆಗಿರುವುದು ಇದೇ.

ಕೊನೆಯದಾಗಿ ಮನೆಯ ಮಾತು. ಇದನ್ನು ಬಿಟ್ಟು ಬರೀ ನಿಮಗೆ ಉಪದೇಶ ಮಾಡಿದರೆ ಅನ್ಯಾಯವಾಗುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಕಾಲಬಳಕೆ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು. ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಸಂಬಳದ ಕೆಲಸದ ಮೇಲೆ ಇನ್ನೈದು ಗಂಟೆ ಸಂಬಳವಿಲ್ಲದ ಕೆಲಸ ಮಾಡುವವರಿಗೆ ಹುಮ್ಮಸ್ಸು ಉಳಿಯುವುದಾದರೂ ಎಲ್ಲಿಂದ? ಬರುವ ಭಾನುವಾರ, ಕೋಪದ ಹೊತ್ತಿನಲ್ಲಲ್ಲ, ಎಲ್ಲರೂ ಸಮಾಧಾನದಲ್ಲಿರುವಾಗ ಯಜಮಾನರ ಜೊತೆ ಕೂತು ಮಾತಾಡಿ. ‘ಸ್ವಲ್ಪ ಸಹಾಯ ಮಾಡಿ’ ಎನ್ನಬೇಡಿ. ಆ ಮಾತು ಗಾಳಿಯಲ್ಲಿ ಹೋಗುತ್ತದೆ. ಇಂಥದ್ದು ನಿಮ್ಮದು ಎಂದು ಹಂಚಿ. ರಾತ್ರಿ ಮಗನ ಓದು ಅವರದು. ತಿಂಡಿಗೆ ತರಕಾರಿ ಹಿಂದಿನ ರಾತ್ರಿಯೇ ಹೆಚ್ಚಿಡುವುದು ಅವರದು. ಡಬ್ಬಿ ತೊಳೆಯುವುದು, ಬಟ್ಟೆ ಮಡಿಸುವುದು ಮಕ್ಕಳಿಬ್ಬರದೂ. ಮಗಳೊಬ್ಬಳದೇ ಅಲ್ಲ, ಮಗನಿಗೂ ಪಾಲಿರಲಿ. ಸೊಪ್ಪು ಬಿಡಿಸುವಂಥ ಕೂತು ಮಾಡುವ ಕೆಲಸವನ್ನು ಅತ್ತೆಯವರು ಸಂತೋಷದಿಂದಲೇ ವಹಿಸಿಕೊಳ್ಳಬಹುದು. ಆಗ ಹತ್ತಕ್ಕೆ ಮಲಗಲು ಸಾಧ್ಯವಾಗುತ್ತದೆ. ವಾಕಿಂಗ್ ಸದ್ಯಕ್ಕೆ ಬೇರೆಯಾಗಿ ಬೇಡ. ಸಂಜೆ ಒಂದು ಸ್ಟಾಪು ಮೊದಲೇ ಇಳಿದು ನಡೆದು ಬನ್ನಿ, ಅಷ್ಟು ಸಾಕು.

‘ಆರಂಭಶೂರತ್ವ’ ಎಂಬ ಮಾತು ನೋಯಿಸುತ್ತದೆ ಎಂದೂ ಅವರಿಗೆ ನೇರವಾಗಿ ಹೇಳಿ. ತಮಾಷೆಗೆಂದು ಆಡಿದ್ದು ದಿನಾ ಕೇಳಿದರೆ ನಂಬಿಕೆಯಾಗಿ ಕೂತುಬಿಡುತ್ತದೆ. ಈ ಅಂಕಣ ಓದುತ್ತಿರುವ ಗಂಡಂದಿರಿಗೂ ನನ್ನ ವಿನಂತಿ: ನಿಮ್ಮ ಮನೆಯಲ್ಲಿ ಹೆಂಗಸೊಬ್ಬಳು ತನಗಾಗಿ ಏನನ್ನಾದರೂ ಶುರುಮಾಡಿದರೆ ಎಷ್ಟು ದಿನ ನಡೆಯುತ್ತದೆ ನೋಡೋಣ ಎನ್ನಬೇಡಿ. ಅದು ನಡೆಯಲು ನಾನು ಯಾವ ಕೆಲಸ ವಹಿಸಿಕೊಳ್ಳಲಿ ಎಂದು ಕೇಳಿ.

ಸೋದರಿ, ಈ ವಾರ ನಿಮ್ಮ ಪಾಲಿಗೆ ಮೂರೇ ಕೆಲಸ: ರಕ್ತಪರೀಕ್ಷೆ, ಭಾನುವಾರದ ಮಾತುಕತೆ, ಸೋಮವಾರ ಬೀರುವಿಗೆ ಬೀಗ ಹಾಕಿದ ಮೇಲೆ ಅಸೈನ್‌ಮೆಂಟಿನ ಮೊದಲ ಅರ್ಧ ಪುಟ. ಆ ಹೊತ್ತಿಗೆ ಮನಸ್ಸು ಇರದೇ ಹೋಗಬಹುದು. ಆದರೂ ಪೆನ್ನು ತೆಗೆಯಿರಿ.